ಹನ್ನೆರಡನೆಯ ಬೆಸುಗೆ

ಕೊಡೆಯ ವಿಚಾರ ಇತ್ಯರ್ಥವಾಗದೆ ಇಂದು ಜಗತ್ತಿನಲ್ಲಿ ಇನ್ನಾವ ಕೆಲಸವೂ ಮುಂದುವರಿಯುವಂತಿಲ್ಲ, ಕಲಾ ಸಂಗ್ರಹಾಲಯದ ಬಾಗಿಲಲ್ಲಿ ಮೂವರು ಕಾವಲುಗಾರರು ನನ್ನ ಕೊಡೆಯ ಸುತ್ತ ನಿಂತಿದ್ದಾರೆ, ಒಬ್ಬ ಅದರ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ, ಇನ್ನೊಬ್ಬ ಬಿಚ್ಚುತ್ತಾನೆ ಮುಚ್ಚುತ್ತಾನೆ, ಮೂರನೆಯವನು, ಮೀಸೆಯವನು, ತೀರ್ಪು ಕೊಡುವ ಮುಖ ಹೊತ್ತು ಗೋಡೆಯ ಮೇಲಿನ ನಿಯಮಗಳನ್ನು ಒಂದನೆಯದರಿಂದ ಓದುತ್ತ ಬಂದು ಎಂಟನೆಯದರ ಹತ್ತಿರ ನಿಲ್ಲುತ್ತಾನೆ — ಕೊಡೆ ಬಿಡೋ ಹಾಗಿಲ್ಲ ಸಾರ್, ಚಿತ್ರಕ್ಕೆ ತಾಗಿದ್ರೆ ಯಾರು ಜವಾಬ್ದಾರಿ — ಸರಿಯೇ, ಜವಾಬ್ದಾರಿ ಯಾರದು ಎಂದು ಮೊದಲೇ ಕೇಳುವವರು ಈ ಕಾಲದಲ್ಲೂ ಇದ್ದಾರೆ ಎಂದರೆ ಸಂತೋಷಪಡಬೇಕು, ನನ್ನ ಮೂವತ್ತನಾಲ್ಕು ವರ್ಷದ ನೌಕರಿ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು, ಬೇರೆಯವರು ಹಾಕಿದ ಬೆಸುಗೆಯನ್ನು ನೋಡಿ ಸರಿ ಇದೆ ಅಥವಾ ಸರಿ ಇಲ್ಲ ಎಂದು ಬರೆದು ಕೆಳಗೆ ಸಹಿ ಹಾಕುವುದು, ಬೆಸೆದವನಲ್ಲ, ನೋಡಿದವನು ಜವಾಬ್ದಾರ, ಹೌದು, ನೋಡಿದವನು — ಪಕ್ಕದಲ್ಲಿ ಭಾವ, ನನ್ನ ಹೆಂಡತಿಯ ಅಣ್ಣ, ಕಪ್ಪು ಕನ್ನಡಕ, ಇಸ್ತ್ರಿಯ ಗೆರೆ ಕತ್ತಿಯ ಹಾಗಿರುವ ಬಿಳಿ ಅಂಗಿ, ಕೈಯಲ್ಲಿ ಕೋಲು, ಈ ಕಲಾಪವನ್ನೆಲ್ಲ ಕಿವಿಯಿಂದ ನೋಡುತ್ತ ನಿಂತು ಕೊನೆಗೆ ಹೇಳುತ್ತಾರೆ, ಕುರುಡನ ಕೋಲು ಒಳಗೆ ಹೋಗಬಹುದಂತೆ, ಕಣ್ಣಿರೋನ ಕೊಡೆ ಹೋಗಬಾರದಂತೆ, ನೋಡಿ ಇನ್‌ಸ್ಪೆಕ್ಟ್ರೇ, ಯಾರನ್ನ ಹೆಚ್ಚು ನಂಬ್ತಾರೆ ಅಂತ — ಮೀಸೆಯವನೂ ನಗುತ್ತಾನೆ, ನಾನೂ ನಗಬೇಕು, ನಗುತ್ತೇನೆ, ಮಳೆ ನಿಂತು ನಾಲ್ಕು ದಿನವಾಯಿತು, ಆಕಾಶ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗಿದೆ, ಆದರೂ ಹೆಂಡತಿ ಕೊಡೆ ಕೈಗೆ ತುರುಕಿ, ಕೊಡೆಯ ಜೊತೆಗೆ ಇನ್ನೊಂದು ಮಾತನ್ನೂ ತುರುಕಿ ಕಳಿಸಿದ್ದಳು, ನೋಡೋದಾದ್ರೆ ನೋಡ್ಕೊಂಡು ಬನ್ನಿ, ಬಾಯಿ ಮಾತ್ರ ಬಿಡಬೇಡಿ, ಅಣ್ಣನಿಗೆ ಅಂತ ಉಳಿದಿರೋದು ಅದೊಂದೇ — ಕೊಡೆಯನ್ನು ಇಟ್ಟುಕೊಂಡು ಹಿತ್ತಾಳೆಯ ಬಿಲ್ಲೆ ಕೊಟ್ಟರು, ಒಳಗೆ ಬಿಟ್ಟರು, ಹೆಗಲ ಚೀಲದಲ್ಲಿದ್ದ ಸುತ್ತಿಗೆಯನ್ನು, ಕಬ್ಬಿಣ ತಟ್ಟಿ ನೋಡುವ ನನ್ನ ಹಳೆಯ ಸುತ್ತಿಗೆಯನ್ನು, ಯಾರೂ ನೋಡಲಿಲ್ಲ, ಕೊಡೆಯ ಗದ್ದಲದಲ್ಲಿ ಸುತ್ತಿಗೆ ದಾಟಿಹೋಯಿತು, ಇದಕ್ಕೆ ಅವರನ್ನು ಆಡಿಕೊಳ್ಳುವ ಹಕ್ಕು ಜಗತ್ತಿನಲ್ಲಿ ಯಾರಿಗಿದ್ದರೂ ನನಗಿಲ್ಲ.

ಮೊದಲ ಕೋಣೆ ತಣ್ಣಗಿದೆ, ನೆಲ ಎಷ್ಟು ನುಣುಪೆಂದರೆ ಭಾವನ ಕೋಲಿನ ಸದ್ದು ಛಾವಣಿಗೆ ಹೋಗಿ ತಿರುಗಿ ಬರುತ್ತದೆ, ಅವರು ಅದನ್ನು ಆಲಿಸಿ, ಎತ್ತರ ಹದಿನಾರು ಅಡಿ ಇರಬೇಕು ಎನ್ನುತ್ತಾರೆ, ಇರಬೇಕು — ಏನಿದೆ ಇಲ್ಲಿ — ಒಂದು ಬಿಳಿ ಹಲಗೆ ಇದೆ ಭಾವ — ಹಲಗೆ ಮೇಲೆ — ಏನಿಲ್ಲ, ಬರೀ ಬಿಳಿ — ಅದರ ಪಕ್ಕ — ಇನ್ನೊಂದು ಬಿಳಿ, ಸ್ವಲ್ಪ ದೊಡ್ಡದು — ಭಾವ ಯೋಚಿಸುತ್ತಾರೆ, ನಿಮಗೆ ಬಿಳಿ ಕಾಣುತ್ತೆ, ನಂಗೆ ಕಪ್ಪು ಕಾಣುತ್ತೆ, ಹಂಗಾದ್ರೆ ಹದಿನೈದು ವರ್ಷದಿಂದ ನಾನು ಮ್ಯೂಸಿಯಂನಲ್ಲೇ ಇದೀನಿ, ನಡೀರಿ ಮುಂದಕ್ಕೆ — ಮುಂದೆ ಇಟ್ಟಿಗೆಗಳ ರಾಶಿ, ಅದರಾಚೆ ಕುರ್ಚಿಯ ಮೇಲೆ ಕುಳಿತ ಮನುಷ್ಯ, ಬಲು ನೈಜವಾಗಿ ಮಾಡಿದ್ದಾರೆ ಎಂದು ವರ್ಣಿಸುತ್ತಿರುವಾಗಲೇ ಅವನು ಸೀನಿದ, ಭಾವನಿಗೆ ನಗು ತಡೆಯದು, ಆದರೆ ನನ್ನ ಕಣ್ಣು ಹಿಂದಕ್ಕೇ ಹೋಗುತ್ತದೆ, ಆ ಬಿಳಿಗೆ, ನಾನು ಆ ಬಿಳಿಯನ್ನು ಬಲ್ಲೆ, ಬೇರೆಯವರಿಗೆ ಅದು ಶೂನ್ಯವೋ ಮೌನವೋ ಇರಬಹುದು, ನನಗೆ ಅದು ಪರೀಕ್ಷೆ, ಬೆಸುಗೆಯ ಮೇಲೆ ಕೆಂಪು ದ್ರವ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ಕಾಯುವುದು, ಬಿರುಕಿಲ್ಲದಿದ್ದರೆ ಬಿಳಿ ಬಿಳಿಯಾಗಿಯೇ ಇರುತ್ತದೆ, ಇದ್ದರೆ ಒಳಗೆ ಅಡಗಿ ಕೂತಿದ್ದ ಕೆಂಪು ಮೆಲ್ಲಗೆ ಮೇಲೆ ಬರುತ್ತದೆ, ಮೊದಲು ಒಂದು ಚುಕ್ಕಿ, ಆಮೇಲೆ ಕೂದಲೆಳೆಯಂಥ ಗೆರೆ, ಬಿಳಿಯ ಮೇಲೆ ಕೆಂಪು ಗೆರೆ, ಅದು ಬಂದ ಮೇಲೆ ವಾದವಿಲ್ಲ, ವಶೀಲಿಯಿಲ್ಲ, ಭಾವ ಮೈದುನ ಎಂಬುದಿಲ್ಲ — ಈಗ ಈ ಹಲಗೆಯ ಮುಂದೆಯೂ ನಾನು ಕಾಯುತ್ತಿದ್ದೇನಲ್ಲ, ಮೇಲಿನ ಮೂಲೆಯಲ್ಲಿ ಏನಾದರೂ ಬರುತ್ತದೆಯೇ ಎಂದು, ಹೋದ ಭಾನುವಾರದಿಂದ ಎಲ್ಲ ಬಿಳಿಯ ಮುಂದೆಯೂ ಹೀಗೇ, ಹಾಸಿಗೆಯ ಹೊದಿಕೆ, ಹಾಲಿನ ಪಾತ್ರೆ, ವೃತ್ತಪತ್ರಿಕೆಯ ಅಂಚು, ಎಲ್ಲೆಂದರಲ್ಲಿ — ಹೋದ ಭಾನುವಾರ ಭಾವ ಮೊರದ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು, ಹೆಂಡತಿ ಅಂದಳು, ಕಣ್ಣಿರೋರಿಗಿಂತ ಚೆನ್ನಾಗಿ ಸುಲೀತೀಯಲ್ಲೋ ಅಣ್ಣ, ಅವರು ಉಬ್ಬಿಹೋಗಿ, ಬಟಾಣಿ ಏನು ಮಹಾ, ಮ್ಯೂಸಿಯಂ ತೋಟದಲ್ಲಿ ನಾವು ಕಟ್ಟಿದ ಉಕ್ಕಿನ ಶಿಲ್ಪದ್ದು ಕೊನೇ ಬೆಸುಗೆ ಇದೆಯಲ್ಲ, ಮೇಲೆ ತೋಳಿನ ಮೊಣಕೈ ಹತ್ರ, ಅದನ್ನ ನಾನು ಹಾಕಿದ್ದು ಬರೀ ಕಿವೀಲಿ, ಆಗಲೇ ಕಣ್ಣು ಮಂಜಾಗಿತ್ತು, ಮುಸುಕಿನೊಳಗೆ ಬೆಳಕಿನ ಮುದ್ದೆ ಬಿಟ್ರೆ ಏನೂ ಕಾಣ್ತಿರಲಿಲ್ಲ, ಯಾರಿಗೂ ಹೇಳಲಿಲ್ಲ, ಹೇಳಿದ್ರೆ ಕೆಳಗಿಳಿಸಿಬಿಡ್ತಿದ್ರು, ಕಿಡಿ ಸದ್ದು ಕೇಳ್ಕೊಂಡು ಕೈ ಸರಿಸಿದೆ, ಎಣ್ಣೇಲಿ ಕರಿದ ಹಾಗೆ ಒಂದೇ ಸಮ ಚುರುಗುಟ್ಟಬೇಕು, ಚುರುಗುಟ್ಟಿತು, ಹತ್ತೊಂಬತ್ತು ವರ್ಷ ಆಯ್ತು, ನಿಂತಿದೆ ನೋಡು — ಹೀಗೆ ಹೇಳಿದ್ದು ತಪ್ಪೊಪ್ಪಿಗೆಯಲ್ಲ, ಬಡಾಯಿ, ಒಂದು ಬಟಾಣಿ ಕೈತಪ್ಪಿ ನೆಲದ ಮೇಲೆ ಉರುಳಿ ನನ್ನ ಕಾಲಿಗೆ ತಾಗಿತು, ನಾನು ಅದನ್ನು ಎತ್ತಿಕೊಡಲಿಲ್ಲ.

ಏಕೆಂದರೆ ಆ ಕೊನೆಯ, ಹನ್ನೆರಡನೆಯ ಬೆಸುಗೆಯನ್ನು ನಾನು ನೋಡಿಲ್ಲ, ಇದನ್ನು ಹೀಗೆ ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೂ ಹತ್ತೊಂಬತ್ತು ವರ್ಷ ಬೇಕಾಯಿತು, ಹನ್ನೊಂದನ್ನು ನೋಡಿದ್ದೇನೆ, ಏಣಿ ಹತ್ತಿ, ಕೆಂಪು ಹಚ್ಚಿ, ಬಿಳಿ ಹಾಕಿ, ಕಾದು, ಒಂದೊಂದರ ಪಕ್ಕದಲ್ಲೂ ಸೀಮೆಸುಣ್ಣದಿಂದ ಸರಿ ಗುರುತು ಹಾಕುತ್ತ ಮೇಲೆ ಹೋಗಿದ್ದೇನೆ, ಹನ್ನೆರಡನೆಯದಕ್ಕೆ ಏಣಿ ಇರಲಿಲ್ಲ, ಏಣಿಯನ್ನು ಛಾಯಾಚಿತ್ರದವನು ಒಯ್ದಿದ್ದ, ದಾಡಿ ಶಿಲ್ಪಿಯ ಮುಖವೂ ಶಿಲ್ಪವೂ ಒಂದೇ ಚೌಕಟ್ಟಿನಲ್ಲಿ ಬರಬೇಕಾದರೆ ಮೇಲಿನಿಂದಲೇ ತೆಗೆಯಬೇಕಂತೆ, ಕ್ರೇನಿನವನು ಊಟದ ಹೊತ್ತು ಎಂದು ಗೊಣಗುತ್ತಿದ್ದ, ಅರ್ಧ ಗಂಟೆ ಕಾಯಬಹುದಿತ್ತು, ಅರ್ಧ ಗಂಟೆ, ಆದರೆ ಅದಕ್ಕೆ ಒಂದು ತಿಂಗಳ ಹಿಂದೆ ಬಾಯ್ಲರಿನ ಕೆಲಸದಲ್ಲಿ ನಾನು ಭಾವನ ಒಂದು ಬೆಸುಗೆಯನ್ನು ಸರಿ ಇಲ್ಲ ಎಂದು ಬರೆದಿದ್ದೆ, ಭಾವ ಮೂರು ವಾರ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ, ನನ್ನ ಬೆಸುಗೆ ನೋಡೋಕೆ ನನ್ನ ತಂಗಿ ಗಂಡನೇ ಆಗಬೇಕಿತ್ತಾ ಅಂತ ಊರೆಲ್ಲ ಹೇಳಿಕೊಂಡು ಬಂದರು, ಹೆಂಡತಿ ಊಟ ಬಡಿಸುವಾಗ ತಟ್ಟೆಯನ್ನು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು — ಅವತ್ತು ಮರದ ಕೆಳಗೆ ನಿಂತು, ಒಂದು ಕೈಯಲ್ಲಿ ಚಹದ ಲೋಟ, ತಲೆಯೆತ್ತಿ ಮೊಣಕೈಯತ್ತ ನೋಡಿದೆ, ಭಾವನ ಕೈ, ಊರಿಗೇ ಒಳ್ಳೆಯ ಕೈ, ಹನ್ನೊಂದು ಸರಿ ಇದ್ದ ಮೇಲೆ ಹನ್ನೆರಡನೆಯದಕ್ಕೇನು ಧಾಡಿ, ಸಂಸಾರದ ನೆಮ್ಮದಿಗಿಂತ ದೊಡ್ಡ ಪರೀಕ್ಷೆ ಯಾವುದಿದೆ, ಲೋಟವನ್ನು ಪತ್ರದ ಮೇಲಿಟ್ಟು ಸರಿ ಗುರುತು ಹಾಕಿದೆ — ಉಕ್ಕು ಬೇರೆ ಅಂಥದ್ದು, ತುಕ್ಕನ್ನೇ ಅಂಗಿಯ ಹಾಗೆ ತೊಟ್ಟುಕೊಳ್ಳುವ ಜಾತಿ, ಬೇರೆ ಕಬ್ಬಿಣದಲ್ಲಾದರೆ ಬಿರುಕಿನ ಬಾಯಲ್ಲಿ ತುಕ್ಕು ಕಂಡು ಗುಟ್ಟು ರಟ್ಟಾಗುತ್ತದೆ, ಇದು ಮೈಯೆಲ್ಲ ತುಕ್ಕು, ಕಳ್ಳನನ್ನು ಸಂತೆಯಲ್ಲಿ ಬಿಟ್ಟ ಹಾಗೆ — ಶಿಲ್ಪಿ ಆ ತೋಳನ್ನು ಪೆಟ್ಟಿಗೆಯ ಹಾಗೆ ನಾಲ್ಕೂ ಕಡೆ ಮುಚ್ಚಿಸಿದ್ದ, ಒಳಗೆ ಟೊಳ್ಳು, ಗಾಳಿ ಕೂಡ ಹೋಗಬಾರದು, ಹನಿ ನೀರು ಹೋದರೂ ಒಳಗಿನಿಂದ ತಿನ್ನುತ್ತ ಬರುತ್ತದೆ, ಎಲ್ಲ ಬೆಸುಗೆಯೂ ಬಾಯಿ ಮುಚ್ಚಿಕೊಂಡಿರಬೇಕು ಎಂದಿದ್ದ, ಬೆಸುಗೆಯ ವಿಷಯ ಗೊತ್ತಿಲ್ಲ, ನಾನಂತೂ ಮುಚ್ಚಿಕೊಂಡಿದ್ದೇನೆ.

ಭಾವನನ್ನು ಒಂದು ಕತ್ತಲೆ ಕೋಣೆಯ ಬೆಂಚಿನ ಮೇಲೆ ಕೂರಿಸಿದೆ, ಅಲ್ಲಿ ಪರದೆಯ ಮೇಲೆ ಸಮುದ್ರ ಬಂದು ಹೋಗುತ್ತಿದೆ, ಬರೀ ಅಷ್ಟೇ, ಇದು ನಂಗೆ ಹಿಡಿಸ್ತು, ಕಣ್ಣಿರೋರಿಗೆ ದಂಡ, ನೀವು ಹೋಗಿ ಕೈಕಾಲು ತೊಳ್ಕೊಂಡು ಬನ್ನಿ, ಇಲ್ಲೇ ಇರ್ತೀನಿ ಎಂದರು, ಕೈಕಾಲು ತೊಳೆಯಲು ಎಂದು ಸುಳ್ಳು ಹೇಳಿ ಬಂದು ಕಚೇರಿಯ ಬಾಗಿಲು ತಟ್ಟುತ್ತೇನೆ, ಶಿಲ್ಪಗಳನ್ನು ನೋಡಿಕೊಳ್ಳುವ ಅಧಿಕಾರಿ, ನಮ್ಮ ಸೊಸೆಯ ವಯಸ್ಸಿನ ಹೆಣ್ಣುಮಗಳು, ಮೇಜಿನ ಮೇಲೆ ಅರ್ಧ ತಿಂದ ಸೇಬು, ಕೂತ್ಕೊಳ್ಳಿ ಸಾರ್, ಹೇಳಿ — ಹೊರಗಡೆ ತೋಟದಲ್ಲಿ ಆ ದೊಡ್ಡದು ಇದೆಯಲ್ಲ, ತೋಳು ಚಾಚಿಕೊಂಡಿರೋದು, ಅದರ ಮೇಲಿನ ಬೆಸುಗೆ, ವಯಸ್ಸಾಯ್ತಲ್ಲ, ಒಂದು ಸಲ ಯಾರಾದ್ರೂ ನೋಡಿದ್ರೆ — ಅವಳಿಗೆ ಬೇಸರವಿಲ್ಲ, ಅದೇ ಕಷ್ಟ, ಬೇಸರವಿದ್ದರೆ ಎದ್ದು ಬರಬಹುದಿತ್ತು, ಅವಳು ಕಪಾಟಿನಿಂದ ಕಡತ ತೆಗೆದು ತಿರುಗಿಸಿ ನನ್ನ ಮುಂದೆ ಇಡುತ್ತಾಳೆ, ಎಲ್ಲಾ ಇದೆ ಸಾರ್, ನೋಡಿ, ಹನ್ನೆರಡು ಬೆಸುಗೆ, ಹನ್ನೆರಡಕ್ಕೂ ಗುರುತು, ಮುಂದಿನ ಪರೀಕ್ಷೆಗೆ ಇನ್ನೂ ಆರು ವರ್ಷ ಇದೆ, ಹಳೇ ಕಾಲದ ಇನ್‌ಸ್ಪೆಕ್ಟರ್ ಒಬ್ರು ಮಾಡಿರೋದು, ಈಗಿನೋರ ಹಾಗಲ್ಲ, ಅವರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ರು, ಈ ಕಾಗದದ ಮೇಲೆ ನಂಗೆ ತುಂಬಾ ಧೈರ್ಯ — ಕಾಗದದ ಮೇಲೆ ಹನ್ನೆರಡನೆಯ ಸಾಲಿಗೆ ಸರಿಯಾಗಿ ಗುಂಡಗೆ ಒಂದು ಕಲೆ, ಚಹದ ಲೋಟದ ಕಲೆ, ಹತ್ತೊಂಬತ್ತು ವರ್ಷ ಕಡತದಲ್ಲಿ ಕೂತು ಕಂದುಬಣ್ಣಕ್ಕೆ ತಿರುಗಿದೆ, ಕೆಳಗೆ ನನ್ನ ಸಹಿ, ಆಗ ನನ್ನ ಸಹಿಗೆ ಒಂದು ಬಾಲವಿತ್ತು, ಗತ್ತಿನ ಬಾಲ — ಹೇಳು, ಈಗ ಹೇಳು, ಇದು ನಾನೇ ತಾಯಿ, ಆ ಹಳೇ ಕಾಲದವನು ನಾನೇ ಅನ್ನು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ಒಳ್ಳೆಯ ಬೆಸುಗೆ ಎಂದರೆ ಅದು, ಒಂದಿಷ್ಟೂ ಬಿಡುವುದಿಲ್ಲ — ನಿಮಗೇನಾದ್ರೂ ಗೊತ್ತಾ ಸಾರ್ ಅದರ ವಿಷಯ, ಅವಳು ಸೇಬನ್ನು ಕೈಗೆ ತೆಗೆದುಕೊಂಡು ಮತ್ತೆ ಇಡುತ್ತಾಳೆ, ಸುಮ್ನೆ ಭಯ ಆಗುತ್ತೆ ಅಂದ್ರೆ ಆಗಲ್ಲ, ಇಂಥಾ ಬೆಸುಗೆ ಮೇಲೆ ಇಂಥಾ ಕಾರಣಕ್ಕೆ ಅನುಮಾನ ಅಂತ ಗೊತ್ತಿರೋರು ಒಂದು ಸಾಲು ಬರೆದು ಸಹಿ ಹಾಕಿಕೊಟ್ರೆ ಸಾಕು, ಅವತ್ತೇ ಸುತ್ತ ಹಗ್ಗ ಕಟ್ಟಿಸಿ ಮೇಲೆ ಜನ ಹತ್ತಿಸ್ತೀನಿ, ತಗೊಳ್ಳಿ ಹಾಳೆ — ತಗೊಂಡೆ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ, ವಿಚಾರಿಸಿ ಹೇಳ್ತೀನಿ ಎಂದೆ, ಯಾರನ್ನು ವಿಚಾರಿಸುತ್ತೇನೆ, ವಿಚಾರಿಸಬೇಕಾದವನು ಕುರ್ಚಿಯಿಂದ ಎದ್ದು, ಕುರ್ಚಿಯನ್ನು ಸದ್ದಾಗದ ಹಾಗೆ ಒಳಗೆ ತಳ್ಳಿ, ನಮಸ್ಕಾರ ಹೇಳಿ ಬಾಗಿಲು ಹಾಕಿಕೊಂಡು ಹೊರಟುಬಿಟ್ಟ.

ಭಾವನನ್ನು ಸಮುದ್ರದ ಮುಂದಿನಿಂದ ಎಬ್ಬಿಸಿ ಹೊರಗೆ ಕರೆತಂದೆ, ತೋಟ, ಬೆಳಕು ಮುಖಕ್ಕೆ ಹೊಡೆಯುತ್ತದೆ, ಹುಲ್ಲು ಕತ್ತರಿಸಿ ಒಪ್ಪವಾಗಿಟ್ಟಿದ್ದಾರೆ, ನಡುನಡುವೆ ಶಿಲ್ಪಗಳು, ತೂತುಬಿದ್ದ ಕಲ್ಲು, ತಲೆಕೆಳಗಾದ ಕುರ್ಚಿ, ಯಾವುದಕ್ಕೂ ನೆರಳಿಲ್ಲ, ಜನ ಅವನ್ನೆಲ್ಲ ಎರಡೆರಡು ನಿಮಿಷ ಗೌರವದಿಂದ ನೋಡಿ ಬೆವರೊರೆಸಿಕೊಂಡು ನಮ್ಮದರ ಕೆಳಗೆ ಬಂದು ಸೇರುತ್ತಾರೆ, ಇಡೀ ತೋಟದಲ್ಲಿ ನೆರಳು ಕೊಡುವ ಏಕೈಕ ಆಧುನಿಕ ಕಲೆ, ಎರಡು ಮಹಡಿ ಎತ್ತರದ ಕಂಬ, ಮೇಲೆ ಮೊಣಕೈಯ ಹಾಗೆ ಮಡಿಸಿ ಚಾಚಿದ ತೋಳು, ತೋಳಿನ ತುದಿಯಿಂದ ಇಳಿಬಿದ್ದ ಉಕ್ಕಿನ ಹಾಳೆ, ಟನ್ನಿಗೆ ಚೂರು ಕಡಿಮೆ, ಹೆಸರು ‘ಶೀರ್ಷಿಕೆಯಿಲ್ಲ, ನಾಲ್ಕು’, ಒಗೆದ ಹೊದಿಕೆ ಒಣಹಾಕಿದ ಹಾಗಿದೆ ಎಂದು ಭಾವ ಆಗಲೇ ಹೇಳಿದ್ದರು, ಶಿಲ್ಪಿ ಎರಡು ದಿನ ಮಾತು ಬಿಟ್ಟಿದ್ದ — ಜನರಿಗೆ ನೆರಳು ಹಿಡಿಸಿತೆಂದು ಆಡಳಿತದವರು ಹಾಳೆಯ ಕೆಳಗೇ ಒಂದು ಬೆಂಚನ್ನೂ ಹಾಕಿಸಿದ್ದಾರೆ, ಈಗ ಅದರ ಮೇಲೆ ಒಬ್ಬ ತಾಯಿ ಮಗುವಿಗೆ ಬಾಟಲಿಯ ನೀರು ಕುಡಿಸುತ್ತಿದ್ದಾಳೆ, ನಾನು ಮೊಣಕೈಯತ್ತ ನೋಡುತ್ತೇನೆ, ಮಗುವಿನತ್ತ ನೋಡುತ್ತೇನೆ, ಮೊಣಕೈಯತ್ತ — ಬೇಗ ಕುಡಿಸಮ್ಮ, ಬೇಗ ಎದ್ದು ಹೋಗು — ಭಾವ ಕಂಬದತ್ತ ಕೈ ಚಾಚುತ್ತಾರೆ, ಮುಟ್ಟಬೇಡಿ ಎಂದು ಓಡಿ ಬಂದ ತೋಟದ ಕಾವಲುಗಾರ ಕಪ್ಪು ಕನ್ನಡಕ ನೋಡಿ ಮೆತ್ತಗಾಗುತ್ತಾನೆ, ಅವರು ಮುಟ್ಟಬಹುದು ಸಾರ್, ಕಣ್ಣಿಲ್ಲದೋರಿಗೆ ಅವಕಾಶ ಇದೆ, ನೀವು ಮುಟ್ಟಬಾರದು — ಕೇಳಿಸ್ತಾ ಇನ್‌ಸ್ಪೆಕ್ಟ್ರೇ, ನೀವು ಮುಟ್ಟಬಾರದಂತೆ — ಭಾವ ಕೋಲನ್ನು ನನಗೆ ಕೊಟ್ಟು ಎರಡೂ ಅಂಗೈಯನ್ನು ಕಂಬಕ್ಕೆ ಊರುತ್ತಾರೆ, ಕುದುರೆಯ ಕತ್ತು ಸವರಿದ ಹಾಗೆ ಸವರುತ್ತಾರೆ, ಮೊಣಕಾಲೂರಿ ಬುಡದ ಹತ್ತಿರ ಬೆರಳಾಡಿಸುತ್ತಾರೆ, ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತು, ನಮ್ಮಲ್ಲಿ ಬೆಸುಗೆಯವನಿಗೆ ಹೆಸರಿಲ್ಲ, ಒಂದು ಸಂಖ್ಯೆ ಇರುತ್ತದೆ, ಕೆಲಸ ಮುಗಿದ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇಟು — ಸಿಕ್ತು, ಇಲ್ಲೇ ಇದೆ, ಮೂವತ್ತೊಂದು — ಭಾವನ ಮುಖ ನೋಡಲಾಗುವುದಿಲ್ಲ, ಹಿತ್ತಾಳೆಯ ಫಲಕದ ಮೇಲೆ ಶಿಲ್ಪಿಯ ಹೆಸರು, ದಾನಿಗಳ ಹೆಸರು, ಉದ್ಘಾಟಿಸಿದವರ ಹೆಸರು, ಇಲ್ಲಿ ತುಕ್ಕಿನೊಳಗೆ ಮೂವತ್ತೊಂದು, ಮೂವತ್ತು ವರ್ಷ ದುಡಿದದ್ದೆಲ್ಲ ನೆಲದಡಿಯ ಕೊಳವೆ, ಹೊಗೆಯೊಳಗಿನ ಬಾಯ್ಲರು, ಕಣ್ಣಿಗೆ ಬೀಳುವಂತೆ ನಿಂತಿರುವುದು ಇದೊಂದೇ, ಕ್ಷೌರಿಕನಿಗೆ ಹೇಳಿದ್ದಾರೆ, ಹಾಲಿನವನಿಗೆ ಹೇಳಿದ್ದಾರೆ, ಕಣ್ಣಿನ ಡಾಕ್ಟರು ಇನ್ನು ಏನೂ ಮಾಡೋಕಾಗಲ್ಲ ಅಂದಾಗಲೂ, ಪರವಾಗಿಲ್ಲ ಬಿಡಿ ಡಾಕ್ಟ್ರೇ, ಮ್ಯೂಸಿಯಂನಲ್ಲಿ ನನ್ನದೊಂದು ಕೆಲಸ ಇದೆ ಎಂದಿದ್ದಾರೆ — ಕೊಡಿ ಇಲ್ಲಿ ಸುತ್ತಿಗೆ — ಯಾವ ಸುತ್ತಿಗೆ ಭಾವ — ಬೆಳಿಗ್ಗೆಯಿಂದ ನಿಮ್ಮ ಚೀಲ ಮಾತಾಡ್ತಾ ಇದೆ, ಕೊಡಿ, ಆ ಕಾವಲಿನೋನು ಆ ಕಡೆ ತಿರುಗಿದಾನಾ — ತಿರುಗಿದ್ದಾನೆ, ಕೊಟ್ಟೆ, ಭಾವ ಕಂಬಕ್ಕೆ ಕಿವಿ ಹಚ್ಚಿ ಸಣ್ಣಗೆ ಒಂದೇಟು ಹಾಕುತ್ತಾರೆ, ಇಡೀ ಕಂಬ ಗುಂಯ್ ಎನ್ನಬೇಕು, ಗುಂಯ್ ಎಂದು ಮೇಲೆ ಹೋಗಿ ತೋಳಿನ ತುದಿಯವರೆಗೆ ನಡೆದು ತಿರುಗಿ ಬರಬೇಕು, ಮೇಲೆ ಹೋಯಿತು, ಮೊಣಕೈಯ ಹತ್ತಿರ ಏನೋ — ಅಂಗಡಿಯಲ್ಲಿ ಮಡಕೆ ತಟ್ಟಿ ನೋಡುವಾಗ ಒಂದು ಮಡಕೆ ಮಾತ್ರ ಮಾತು ನುಂಗುತ್ತದಲ್ಲ, ಹಾಗೆ — ನುಂಗಿತೇ, ಅಥವಾ ನನ್ನ ಎದೆಯ ಸದ್ದೇ, ಭಾವ ಇನ್ನೊಮ್ಮೆ ಹೊಡೆಯುತ್ತಾರೆ, ಕಿವಿ ಎತ್ತಲು ಸ್ವಲ್ಪ ತಡಮಾಡುತ್ತಾರೆ, ತುಸು ಹೆಚ್ಚೇ ತಡಮಾಡುತ್ತಾರೆ — ಗಟ್ಟಿ ಇದೆ ಎನ್ನುತ್ತಾರೆ, ಕಲ್ಲು ಕಲ್ಲು.

ತಾಯಿ ಮಗು ಎದ್ದು ಹೋದರು, ಅಬ್ಬ ಎನ್ನುವಷ್ಟರಲ್ಲಿ ಭಾವ ಕೋಲಾಡಿಸುತ್ತ ಹೋಗಿ ಆ ಬೆಂಚಿನ ಮೇಲೇ ಕೂತುಬಿಟ್ಟರು, ಬನ್ನಿ, ನನ್ನ ನೆರಳಲ್ಲಿ ಕೂತ್ಕೊಳ್ಳಿ — ಬಿಸಿಲಲ್ಲೇ ಚೆನ್ನಾಗಿದೆ ಭಾವ, ಆ ಕಡೆ ಮರದ ಹತ್ರ ಹೋಗೋಣ — ಮರ ಯಾರು ಬೇಕಾದ್ರೂ ನೆಡ್ತಾರೆ, ಬನ್ನಿ — ಹೋಗಿ ಪಕ್ಕದಲ್ಲಿ ಕೂರುತ್ತೇನೆ, ತಲೆಯ ಮೇಲೆ ಒಂದು ಟನ್ ಹತ್ತೊಂಬತ್ತು ವರ್ಷದಿಂದ ನನ್ನ ಸಹಿಯನ್ನು ಹಿಡಿದುಕೊಂಡು ನೇತಾಡುತ್ತಿದೆ, ಕಾಗದದ ಮೇಲೆ ನೇತಾಡುತ್ತಿದೆ, ಚಹದ ಲೋಟದ ಕಲೆಯ ಮೇಲೆ, ಜೇಬಿನಲ್ಲಿ ಹಾಳೆ, ಒಂದು ಸಾಲು ಸಾಕು ಎಂದಿದ್ದಾಳೆ, ಬರೆದರೆ ಮೇಲೆ ಜನ ಹತ್ತುತ್ತಾರೆ, ಕೆಂಪು ಹಚ್ಚುತ್ತಾರೆ, ಬಿಳಿ ಹಾಕುತ್ತಾರೆ, ಆಮೇಲೆ ಪತ್ರಿಕೆಯವರು ಬರುತ್ತಾರೆ, ಮೂವತ್ತೊಂದು ಯಾರು ಎಂದು ಹುಡುಕುತ್ತಾರೆ, ಕುರುಡ ಬೆಸೆದನಂತೆ, ಕಣ್ಣಿದ್ದವನು ನೋಡಲೇ ಇಲ್ಲವಂತೆ, ಜನರಿಗೆ ಇನ್ನೇನು ಬೇಕು, ಹೆಂಡತಿ ತಟ್ಟೆ ಕುಕ್ಕುವುದೂ ಇಲ್ಲ ಈ ಸಲ, ತಟ್ಟೆಯನ್ನೇ ಇಡುವುದಿಲ್ಲ — ಬರೆಯದಿದ್ದರೆ ಆ ಬಾಟಲಿಯ ಮಗು, ಯಾವುದೋ ಮಂಗಳವಾರ — ಭಾವ ಮಾತು ತೆಗೆಯುತ್ತಾರೆ, ದನಿ ತಗ್ಗಿದೆ, ಬಡಾಯಿ ಇಲ್ಲ ಅದರಲ್ಲಿ — ಇನ್‌ಸ್ಪೆಕ್ಟ್ರೇ, ಒಂದು ಮಾತು, ಅವತ್ತು ಅದನ್ನ ಹಾಕಿ ಕೆಳಗಿಳಿದಾಗ, ಇದು ಬೇಡ, ಕೆಡವಿ ಮತ್ತೆ ಹಾಕ್ತೀನಿ ಅಂತ ಬಾಯಿಗೆ ಬಂದಿತ್ತು, ಆಮೇಲೆ ಅಂದ್ಕೊಂಡೆ, ಹೇಗೂ ನೀವಿದೀರಿ, ಸ್ವಂತ ಭಾವ ಅಂತ ನೋಡ್ದೆ ಬಾಯ್ಲರದ್ದು ಬೇಡ ಅಂದೋರು ನೀವು, ಕೆಟ್ಟಿದ್ರೆ ಹಿಡೀತೀರಿ, ನೀವು ಸರಿ ಇದೆ ಅಂತ ಬರೆದ್ರಿ, ನಾನು ನೆಮ್ಮದಿಯಾಗಿ ಊಟ ಮಾಡ್ದೆ, ಇಷ್ಟು ವರ್ಷ ನಿಮ್ಮ ಮೇಲೇ ಭಾರ ಹಾಕಿ ಕೂತಿದೀನಿ, ಈ ಬೆಂಚಲ್ಲೂ ಅಷ್ಟೇ — ಅವರು ನನ್ನ ಮೇಲೆ, ನಾನು ಅವರ ಕೈಯ ಮೇಲೆ, ಇಬ್ಬರೂ ಒಬ್ಬರಿಗೊಬ್ಬರು ಒರಗಿ ಕೂತಿದ್ದೇವೆ, ಗೋಡೆ ಇಲ್ಲವೇ ಇಲ್ಲ ಹಿಂದೆ, ಯಾವತ್ತೂ ಇರಲಿಲ್ಲ — ದೂರದ ಕಾಲುದಾರಿಯಲ್ಲಿ ಶಾಲೆಯ ಮಕ್ಕಳು, ಜೋಡಿಜೋಡಿಯಾಗಿ ಕೈಹಿಡಿದು ಬರುತ್ತಿದ್ದಾರೆ, ಮೂವತ್ತು, ನಲವತ್ತು, ಮೇಡಮ್ಮಿನ ದನಿ, ತಳ್ಳಾಡಬೇಡಿ, ಎಲ್ಲರೂ ಆ ನೆರಳಲ್ಲಿ ಕೂತು ಒಂದೊಂದು ಚಿತ್ರ ಬರೀಬೇಕು — ಆಗ ಭಾವ ಭುಜ ಕೊಡವುತ್ತಾರೆ — ಮಳೆ ಬಂತಾ — ಇಲ್ಲವಲ್ಲ ಭಾವ — ತಣ್ಣಗೆ ಬಿತ್ತು ಏನೋ, ನೋಡಿ, ಕೊಡೆ ಇಸ್ಕೊಂಡುಬಿಟ್ರು ಬೇರೆ — ಆಕಾಶದಲ್ಲಿ ಒಂದು ಮೋಡವಿಲ್ಲ, ಮಳೆ ನಿಂತು ನಾಲ್ಕು ದಿನ, ಹಕ್ಕಿಯೂ ಇಲ್ಲ, ಮೇಲೆ ಮೊಣಕೈ, ಮುಚ್ಚಿದ ಪೆಟ್ಟಿಗೆ, ಗಾಳಿಯೂ ಹೋಗಬಾರದ ಪೆಟ್ಟಿಗೆ, ಅದರ ಕೆಳಅಂಚಿನಲ್ಲಿ ಇನ್ನೊಂದು ಹನಿ ತುಂಬಿಕೊಳ್ಳುತ್ತಿದೆ, ತುಂಬಿ, ಹಿಗ್ಗಿ, ಬಿಟ್ಟಿತು, ನಾನು ಅದು ಬೀಳುವುದನ್ನು ನೋಡುತ್ತೇನೆ, ಇದನ್ನಾದರೂ ನೋಡುತ್ತೇನೆ, ಭಾವನ ಅಂಗಿಯ ಭುಜದ ಮೇಲೆ, ಮೊದಲು ಒಂದು ಚುಕ್ಕಿ, ಆಮೇಲೆ ಹೊಲಿಗೆಯುದ್ದಕ್ಕೂ ಇಳಿದು ಜೇಬಿನವರೆಗೆ, ಕೂದಲೆಳೆಯಂಥ, ಬಿಳಿಯ ಮೇಲೆ ಕೆಂಪು ಗೆರೆ.

ಭಾವ ಬೆರಳಿನಿಂದ ಒದ್ದೆಯನ್ನು ಮುಟ್ಟಿ, ಹೆಬ್ಬೆರಳಿಗೆ ತಿಕ್ಕಿ, ಮೂಗಿನ ಹತ್ತಿರ ಒಯ್ಯುತ್ತಾರೆ, ಮೂವತ್ತು ವರ್ಷ ಕಬ್ಬಿಣದ ಜೊತೆ ಸಂಸಾರ ಮಾಡಿದ ಮೂಗು, ಮಳೆಯ ನೀರಿಗೂ ಕಬ್ಬಿಣದ ಹೊಟ್ಟೆಯಲ್ಲಿ ಕೊಳೆತ ನೀರಿಗೂ ವ್ಯತ್ಯಾಸ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಬೆರಳು ಮೂಗಿನ ಹತ್ತಿರವೇ ನಿಂತಿದೆ — ನೀವು ನೋಡಿದ್ರಲ್ಲ ಅವತ್ತು — ಕೇಳಿದ್ದಲ್ಲ ಅದು, ಕೊನೆಯ ಮೆಟ್ಟಿಲಿಗೆ ಕಾಲು ಚಾಚಿದ ಹಾಗೆ, ಮೆಟ್ಟಿಲು ಇರಲೇಬೇಕು ಎಂಬ ಹಾಗೆ — ನೋಡಿಲ್ಲ ಭಾವ, ಏಣಿ ಇರಲಿಲ್ಲ — ಏಣಿ ಎಂಬ ಮಾತು ಬೇಡವಾಗಿತ್ತು, ಹೊರಬಿತ್ತು — ಓ, ಎನ್ನುತ್ತಾರೆ ಭಾವ, ಅಷ್ಟೇ, ಯಾರೋ ವಿಳಾಸ ತಪ್ಪಿ ಬಾಗಿಲು ತಟ್ಟಿದಾಗ ಅನ್ನುವ ಹಾಗೆ, ಓ — ಏಳಿ ಭಾವ, ಏಳಿ, ಇಲ್ಲಿ ಕೂರೋದು ಬೇಡ — ಅವರು ಕೋಲನ್ನು ಮೊಣಕಾಲುಗಳ ನಡುವೆ ನೆಟ್ಟು ಎರಡೂ ಕೈ ಅದರ ಮೇಲಿಟ್ಟುಕೊಂಡಿದ್ದಾರೆ, ನಾನೆಲ್ಲಿಗೂ ಬರಲ್ಲ, ನೀವು ಹೋಗಿ, ಮಕ್ಕಳು ಬರ್ತಿರೋ ಸದ್ದು ಕೇಳ್ತಿದೆ, ಹೋಗಿ — ಎದ್ದು ಬಿಸಿಲಿಗೆ ಓಡುತ್ತೇನೆ, ಕೈ ಎರಡೂ ಅಗಲಿಸಿ ದಾರಿಗೆ ಅಡ್ಡ ನಿಲ್ಲುತ್ತೇನೆ, ಇಲ್ಲಿ ಕೂರಬೇಡಿ ಮೇಡಮ್, ಆ ಕಡೆ ಕರ್ಕೊಂಡು ಹೋಗಿ — ಯಾಕೆ ಸಾರ್, ಅವರು ಕೂತಿದ್ದಾರಲ್ಲ — ಮುಂದಿನ ಜೋಡಿಯ ಮಕ್ಕಳು ನನ್ನ ಅಗಲಿಸಿದ ಕೈ ನೋಡಿ, ಇದೂ ಒಂದು ಶಿಲ್ಪವಿರಬೇಕೆಂದು ತಮ್ಮತಮ್ಮಲ್ಲೇ ನಗುತ್ತಿದ್ದಾರೆ, ಒಬ್ಬಳು ಆಗಲೇ ಪೆನ್ಸಿಲು ತೆಗೆದಿದ್ದಾಳೆ, ಕಾವಲುಗಾರ ಓಡಿ ಬರುತ್ತಿದ್ದಾನೆ, ಹಾಳೆ, ಜೇಬಿನ ಹಾಳೆ, ನಾಲ್ಕು ಮಡಿಕೆ ಬಿಚ್ಚಿ, ಅವಳ ಪೆನ್ಸಿಲನ್ನೇ ಕೇಳಿ ತಗೊಂಡು, ತೊಡೆಯ ಮೇಲಿಟ್ಟು ಬರೆಯುತ್ತೇನೆ, ಹನ್ನೆರಡನೆಯದನ್ನು ಪರೀಕ್ಷಿಸಿದವನು ನಾನು, ನಾನು ಅದನ್ನು ನೋಡಿಲ್ಲ, ಸಹಿ, ಬಾಲವಿಲ್ಲದ ಸಹಿ, ಭಾವ ಕಿವಿಯಲ್ಲಿ ಬೆಸೆದರೆಂಬ ಮಾತನ್ನು ಬರೆಯಲಿಲ್ಲ, ಅದನ್ನು ಬರೆಯುವುದಿಲ್ಲ, ತಪ್ಪು ನನ್ನ ಸಾಲಿನಲ್ಲೇ ಮುಗಿಯಲಿ ಎಂದರೆ ಮುಗಿಯುವುದೆಲ್ಲಿ, ಮೂವತ್ತೊಂದು ಅಲ್ಲೇ ಬುಡದಲ್ಲಿದೆ, ಅಚ್ಚೊತ್ತಿ ಕೂತಿದೆ — ತಲೆಯೆತ್ತಿ ನೋಡುತ್ತೇನೆ, ನೆರಳಿನಲ್ಲಿ ಭಾವ ಅಲುಗಾಡದೆ ಕೂತಿದ್ದಾರೆ, ಬಿಳಿ ಅಂಗಿ, ಮತ್ತೊಂದು ಹನಿ, ಅವರು ಭುಜ ಸರಿಸುವುದಿಲ್ಲ, ಬೇಕೆಂದೇ ಹನಿಯ ಕೆಳಗೆ ಇಟ್ಟುಕೊಂಡಿದ್ದಾರೆ ಎನಿಸುತ್ತದೆ, ಬಿಳಿಯ ಮೇಲೆ ಗೆರೆ, ಅಗಲವಾಗುತ್ತಿದೆ, ಬಿಳಿಯ ಮೇಲೆ ಕೆಂಪು, ಬಿಳಿಯ ಮೇಲೆ

ನಾಲ್ಕೂಕಾಲಿಗೆ ಹಗ್ಗ ಕಟ್ಟಿದರು. ಏಳಲೊಲ್ಲದ ಭಾವನನ್ನು ಇಬ್ಬರು ಎತ್ತಿ ಹಗ್ಗದ ಈಚೆಗೆ ತರಬೇಕಾಯಿತು.